ನಾಲ್ಕು ಬೆರಳಿನ ಮಡಿಕೆ

ಮಣ್ಣಿಗೆ ಬಂದ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಅವಳು ಗಂಡನ ಬೀರು ತೆರೆದಳು. ವಕೀಲನ ಕಪ್ಪು ಕೋಟುಗಳ ನಡುವೆ ಬೂದು ಬಣ್ಣದ್ದೊಂದು ನೇತಾಡುತ್ತಿತ್ತು. ಅವನದಲ್ಲ, ಆ ಆರಡಿ ಆಳಿಗೆ ಇದರ ತೋಳು ಮಣಿಕಟ್ಟನ್ನೂ ಮುಟ್ಟುತ್ತಿರಲಿಲ್ಲ. ತೋಳಿನ ತುದಿಗಳನ್ನು ನಾಲ್ಕು ಬೆರಳಿನಷ್ಟು ಒಳಕ್ಕೆ ಮಡಚಿ ಕೈಹೊಲಿಗೆ ಹಾಕಿತ್ತು. ಗುಂಡಿಗೆ ಸಿಕ್ಕಿಸಿದ ಚೀಟಿಯಲ್ಲಿ ಅವನ ಅಕ್ಷರ: ‘ಸೋಮವಾರದ ಕೇಸು. ಕಕ್ಷಿದಾರನ ತಾಯಿಯಿಂದ ತಂದದ್ದು, ವಾಪಸ್ ಕೊಡಬೇಕು. ಮಡಿಕೆ ಬಿಚ್ಚಬಾರದು.’ ಕೆಳಗೆ ವಿಳಾಸ.

ಬಿಚ್ಚಿದರೆ ಏನಾಗುತ್ತದೆ? ಎಂಟು ದಿನದಲ್ಲಿ ಅವಳಿಗೆ ಏನನ್ನಾದರೂ ತಿಳಿಯಬೇಕೆನಿಸಿದ್ದು ಅದೇ ಮೊದಲು.

ವಿಳಾಸದಲ್ಲಿ ಬಟ್ಟೆ ರಿಪೇರಿ ಅಂಗಡಿಯಿತ್ತು. ಹೊಲಿಗೆ ಯಂತ್ರದ ಹಿಂದಿನ ಹೆಂಗಸು ಕೋಟನ್ನು ನೋಡಿ ಕನ್ನಡಕ ಮೇಲೇರಿಸಿದಳು.

“ವಕೀಲರು ಬರಲಿಲ್ವಾ?”

“ಹೋದ ವಾರ ತೀರ್ಕೊಂಡ್ರು. ನಾನು ಅವರ ಹೆಂಡತಿ.”

ಹೆಂಗಸು ಎದ್ದು, ಸ್ಟೂಲಿನ ಮೇಲಿದ್ದ ಪ್ಯಾಂಟುಗಳ ರಾಶಿಯನ್ನು ನೆಲಕ್ಕಿಳಿಸಿದಳು. “ಕೂತ್ಕೊಳಮ್ಮ.” ಅವಳ ಕಣ್ಣು ಗೋಡೆಯ ಕ್ಯಾಲೆಂಡರಿನ ಸೋಮವಾರದತ್ತ ಹೋಯಿತು.

“ಸೋಮವಾರ ಅವರ ಜೂನಿಯರ್ ವಕೀಲರು ಬರ್ತಾರೆ. ಕೇಸು ನಿಲ್ಲಲ್ಲ,” ಎಂದಳು ಇವಳು. “ಇದು ಯಾರ ಕೋಟು?”

“ನಮ್ಮ ಯಜಮಾನ್ರದು. ಮಗ ಕಲ್ಲೆಸೆದ, ಒಬ್ಬರ ಜೀವ ಹೋಯ್ತು. ತಪ್ಪು ತಪ್ಪೇ. ಆಗ ಅವನಿಗೆ ಹದಿನಾಲ್ಕು. ಕೋರ್ಟಿಗೆ ಮರ್ಯಾದಸ್ಥನ ಹಾಗೆ ಹೋಗ್ಲಿ ಅಂತ ಅಪ್ಪನ ಕೋಟು ಚಿಕ್ಕದು ಮಾಡಿ ಹಾಕಿಸ್ದೆ. ಒಳ್ಳೇ ಗಂಡಸಿನ ಹಾಗೇ ಕಂಡ. ಆಗಿನ ಕಾನೂನು, ಹುಡುಗ ಅಂತ ನೋಡದೆ ದೊಡ್ಡವರ ಕೋರ್ಟಿಗೇ ಕಳಿಸಿದ್ರು, ಮೂವತ್ತು ವರ್ಷ ಹಾಕಿದ್ರು. ಹದಿನೈದು ಮುಗೀತು.” ಹೆಂಗಸು ದನಿ ತಗ್ಗಿಸಿದಳು. “ಹೊಸ ಕಾನೂನಲ್ಲಿ, ಹುಡುಗರಾಗಿದ್ದಾಗ ಆದ ಶಿಕ್ಷೇನ ಮತ್ತೆ ನೋಡ್ತಾರಂತಲ್ಲ?”

“ನೋಡ್ತಾರೆ. ಕಡಿಮೆಯೂ ಮಾಡಬಹುದು.”

“ಹಾಗಾದ್ರೆ ಈ ಸಲ ಬಟ್ಟೆ ಸರಿಯಾಗಿರ್ಬೇಕು. ಈಗ ಅಪ್ಪನಷ್ಟೇ ಎತ್ತರ ಆಗಿದಾನೆ.” ಹೆಂಗಸು ಕತ್ತರಿ ತೆಗೆದುಕೊಂಡಳು. ಪಳಗಿದ ಕೈ. ಇವಳು “ಬೇಡ” ಎನ್ನುವಷ್ಟರಲ್ಲಿ ಎಡತೋಳಿನ ಹೊಲಿಗೆ ಉದುರಿತ್ತು.

ಮಡಿಕೆಯೊಳಗೆ ಬಿಸಿಲು ಕಾಣದ ಬಟ್ಟೆ ಹೊಸದರಂತೆಯೇ ಇತ್ತು. ಮಾಸಿದ ತೋಳಿನ ತುದಿಗೆ ನಾಲ್ಕು ಬೆರಳಗಲದ ಗಾಢ ಪಟ್ಟಿ. ಇವಳು ಅದರ ಮೇಲೆ ಬೆರಳಿಟ್ಟು ಅಳೆದಳು. ನಾಲ್ಕೇ.

“ಇನ್ನೊಂದು ತೋಳು ಹಾಗೇ ಇರ್ಲಿ. ಹದಿನಾಲ್ಕರಲ್ಲಿ ಅವನ ಕೈ ಇಷ್ಟೇ ಇತ್ತು.”

“ಒಂದು ಉದ್ದ, ಒಂದು ಗಿಡ್ಡ. ಇದನ್ನ ಹಾಕಿಸಿ ಕಳಿಸಿದ್ರೆ ಜಡ್ಜು ಏನಿದು ಅಂತ ಕೇಳಲ್ವೇನಮ್ಮ?”

ಇವಳು ಕೋಟನ್ನು ಮಡಚಿ ಹೆಂಗಸಿನ ಮಡಿಲಲ್ಲಿಟ್ಟಳು. ಗಿಡ್ಡ ತೋಳು ಮೇಲೆ ಬರುವಂತೆ.

“ಕೇಳ್ಲಿ,” ಎಂದಳು.