ಎರಡು ಭಾಗಗಳ ನಡುವಿನ ಚಪ್ಪಾಳೆ

ಪಿಯಾನೊ ಅಥವಾ ಚಪ್ಪಾಳೆ ಕೇಳಿಸುತ್ತಿರುವಷ್ಟು ಹೊತ್ತು ಬಾಂಬುಗಳು ಬೀಳದೆ ಗಾಳಿಯಲ್ಲಿ ತೇಲುತ್ತವೆ. ಹಾಗಾಗಿ ಯುದ್ಧ ಶುರುವಾದಾಗಿನಿಂದ ಮಂಗಳೂರಿನ ಪಿಯಾನೊ ಕಛೇರಿಗಳು ಬಯಲಿನಲ್ಲಿ, ಬೆಳಗಿನ ಹೊತ್ತು ನಡೆಯುತ್ತವೆ. ಆಗ ಗಾಳಿ ನೆಲದಿಂದ ಕಡಲಿಗೆ ಬೀಸಿ ಬಾಂಬುಗಳನ್ನು ಸಾಗಿಸುತ್ತದೆ. ಕೃತಿಯ ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವವರೆಗೆ ಸಭಿಕರು ಚಪ್ಪಾಳೆ ತಟ್ಟುತ್ತಿರಬೇಕು.

ಇವತ್ತು ನುಡಿಸುತ್ತಿದ್ದವರು ಫ್ಲೋರಿನ್ ಟೀಚರ್. ಎದುರಿಗೆ ಕುಳಿತವರೆಲ್ಲ ಅವರ ಹಳೆಯ ಶಿಷ್ಯರು. ಭಾಗಗಳ ನಡುವೆ ಚಪ್ಪಾಳೆ ತಟ್ಟುವುದು ಅನಾಗರಿಕತೆ ಎಂದು ಅವರಿಗೆ ಚಿಕ್ಕಂದಿನಲ್ಲೇ ಗದರಿಸಿ ಕಲಿಸಿದ್ದವರು ಟೀಚರೇ.

ಮೊದಲ ಭಾಗ ಮುಗಿಯಿತು. ಒಬ್ಬರೂ ಕೆಮ್ಮಲಿಲ್ಲ. ಬೆವರಿದ ಕೈ ಒರೆಸಿಕೊಳ್ಳುತ್ತಾ ಟೀಚರು ತಲೆಯೆತ್ತಿದರೆ, ಕುಂಬಳಕಾಯಿ ಗಾತ್ರದ ಬಾಂಬೊಂದು ಸೀದಾ ಪಿಯಾನೊದ ಮೇಲೆಯೇ ಇಳಿಯುತ್ತಿತ್ತು.

"ಎಂತ ನೋಡ್ತಾ ಕೂತಿದ್ದೀರಿ? ತಟ್ಟಿ ಮಾರಾಯ್ರೆ!"

"ನೀವೇ ತಟ್ಟಬಾರದು ಅಂತ ಹೇಳಿದ್ದಲ್ವಾ ಟೀಚರ್?" ಮುಂದಿನ ಸಾಲಿನಿಂದ ಹಿಲ್ಡಾ ಪಿಸುಗುಟ್ಟಿದಳು.

"ಈಗ ತಟ್ಟಿ ಅಂತ ಹೇಳ್ತಾ ಇರೋದೂ ನಾನೇ!"

ಇಷ್ಟು ವರ್ಷ ಅದುಮಿಟ್ಟ ಚಪ್ಪಾಳೆ ಒಮ್ಮೆಲೇ ಹೊರಬಿತ್ತು. ಹಿಲ್ಡಾ ಬೆಂಚು ಹತ್ತಿ ಶಿಳ್ಳೆ ಹೊಡೆದಳು. ಬಾಂಬು ಚೆಂಡಿನಂತೆ ಪುಟಿದು, ತೆಂಗಿನ ಗರಿಗಳನ್ನು ದಾಟಿ ಕಡಲಿನತ್ತ ಓಡಿತು. ಅದು ಕಣ್ಣಿಗೆ ಮರೆಯಾದ ಮೇಲೂ ಟೀಚರು ಮತ್ತೆ ಮತ್ತೆ ತಲೆಬಾಗಿ ವಂದಿಸುತ್ತಾ, ಇನ್ನೂ ಸ್ವಲ್ಪ ತಟ್ಟಿ ಎಂದು ಕೈಸನ್ನೆ ಮಾಡುತ್ತಲೇ ಇದ್ದರು.