ದೇವಿರಮ್ಮನ ಗುಲಾಬಿ ಹರಳು

ಕಪ್ಪು ಕನ್ನಡಕ ಹಾಕಿಕೊಂಡ ದೇವಿರಮ್ಮ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಕಂಡು ಅಕ್ಕಸಾಲಿ ಶಶಿಧರ್ ಕೈಲಿದ್ದ ಚಿಮಟ ಕೆಳಗಿಟ್ಟ. ಮೂರು ತಿಂಗಳ ಹಿಂದೆ ಇದೇ ಮೆಟ್ಟಿಲ ಮೇಲೆ ನಿಂತು ಆಕೆ ಮಾಡಿದ ರಂಪ ಮಳವಳ್ಳಿ ಪೇಟೆಗೆಲ್ಲ ಗೊತ್ತು. ಸಡಿಲವಾದ ಹರಳನ್ನು ಬಿಗಿ ಮಾಡಲು ಉಂಗುರ ಕೊಟ್ಟರೆ, ಗುಲಾಬಿ ಕಲ್ಲು ಕದ್ದು ಬೆಲ್ಲದ ಬಣ್ಣದ್ದೇನನ್ನೋ ಕೂರಿಸಿದ್ದಾನೆ ಎಂದು ಕೂಗಾಡಿದ್ದಳು. ಅಂದಿನಿಂದ ಅವನ ಅಂಗಡಿಗೆ ಬರುವವರೇ ಕಡಿಮೆಯಾಗಿದ್ದರು.

ಶಶಿಧರ್ ಆವತ್ತು ಆಡಿದ್ದು ಒಂದೇ ಮಾತು, ಅದೂ ಆಕೆಯ ಮಗಳು ಶೋಭಿತಾಗೆ: "ಹರಳು ಅದೇ ಕಣವ್ವ. ಅಮ್ಮನ ಕಣ್ಣಿಗೆ ಪೊರೆ ಬಂದಿರ್ಬೇಕು, ತೋರ್ಸು."

"ಕದಿಯೋನು ನೀನು, ಕುರುಡಿ ನಾನಾ?" ಎಂದು ದೇವಿರಮ್ಮ ಅದಕ್ಕೂ ಜಾಡಿಸಿದ್ದಳು.

ಈಗ ಆಕೆ ಕನ್ನಡಕ ತೆಗೆದು, ಉಂಗುರದ ಬೆರಳನ್ನು ಅವನ ಮುಂದೆ ಚಾಚಿದಳು. "ಮಗ್ಳು ಮಂಡ್ಯಕ್ಕೆ ಕರ್ಕೊಂಡೋಗಿ ಆಪರೇಸನ್ ಮಾಡುಸ್ದ್ಲು ಕಣಪ್ಪ. ಪಟ್ಟಿ ಬಿಚ್ಚುತ್ಲೂವೆ ಕೈ ನೋಡ್ಕಂಡೆ. ಎದೆ ಧಸಕ್ಕಂತು."

ರೇಷ್ಮೆಗೂಡು ಮಾರಿದ ಮೊದಲ ದುಡ್ಡಿನಲ್ಲಿ ದೇವಿರಮ್ಮ ತಾನೇ ಆರಿಸಿಕೊಂಡ ಹರಳು ಅದು. ಕೆಂಪಿನ ಜಂಬವಿಲ್ಲ, ಬಿಳಿಯ ಸಪ್ಪೆತನವಿಲ್ಲ. ನೆರಳಲ್ಲಿ ತೆಪ್ಪಗಿದ್ದು, ಬಿಸಿಲು ಬಿದ್ದರೆ ಒಳಗಿನಿಂದಲೇ ನಗುತ್ತಿತ್ತು. ಮೂವತ್ತು ವರ್ಷ ಸೊಪ್ಪು ಕೊಯ್ದ ಒರಟು ಕೈಗೂ ಒಂದು ಕಳೆ ಕೊಟ್ಟ ಕಲ್ಲು. ಅದು ಎಲ್ಲಿಗೂ ಹೋಗಿರಲಿಲ್ಲ. ತನ್ನ ಕಣ್ಣೇ ಮಸುಕಾಗಿತ್ತು. ಪಾಪದವನ ಮೇಲೆ ಕಳ್ಳತನ ಹೊರಿಸಿದ್ದಳು.

"ಆಮೇಲೆ ಮೊಮ್ಮಗೂನ ಎತ್ಕಂಡೆ," ಎಂದಳು. "ಅದ್ರ ಅಂಗಾಲೂ ಇದೇ ಬಣ್ಣ ಕಣಪ್ಪ. ಉಟ್ಟಿ ನಾಕ್ ತಿಂಗ್ಳಾದ್ರೂ ನಾನು ನೋಡೇ ಇರ್ಲಿಲ್ಲ. ಬೈಸ್ಕಂಡೂ ನೀನು ಆ ಮಾತು ಏಳ್ದೆ. ನಿನ್ನ ಋಣ ಎಂಗಪ್ಪ ತೀರುಸ್ಲಿ?"

ಶಶಿಧರ್ ಮುಖ ತಿರುಗಿಸಿ, ಎದುರಿಗೇ ಇದ್ದ ಚಿಮಟವನ್ನು ಹುಡುಕಿದ. "ಆಯ್ತು ಬುಡಮ್ಮ. ನಿಮ್ಗೆ ಕಣ್ ಬಂತಲ್ಲ, ಅಷ್ಟು ಸಾಕು. ಕೂತ್ಕೊಳ್ಳಿ, ಟೀ ತರುಸ್ತೀನಿ."

"ಟೀ ಆಮೇಲೆ. ಅವತ್ತು ಬೀದಿಗೆಲ್ಲ ಕೇಳಂಗೆ ಬೈದು, ಇವತ್ತು ನಿನ್ ಕಿವೀಲಿ ಏಳ್ಬುಟ್ಟು ಓಗ್ಲಾ?"

ದೇವಿರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅದೇ ಮೆಟ್ಟಿಲ ಮೇಲೆ ಹೋಗಿ ನಿಂತಳು. ಸಂತೆಗೆ ಬಂದವರು ತಿರುಗಿ ನೋಡಿದರು. ಉಂಗುರದ ಬೆರಳನ್ನು ಬಿಸಿಲಿಗೆತ್ತಿ, ಅವತ್ತಿನದೇ ಗಂಟಲಲ್ಲಿ ಕೂಗಿದಳು:

"ಕೇಳ್ರಪ್ಪೋ! ಕಲ್ಲು ಅದೇ ಕಣ್ರಪ್ಪೋ! ಕೆಟ್ಟಿದ್ದು ನನ್ ಕಣ್ಣು!"