ಇರುವೆಯ ಪದ

‘ನಾ ಹಾಡಾಕ ಕುಂತ್ರ ಬೀಸೂಕಲ್ಲು ತಾನಽ ತಿರಗತೈತಿ,’ ಎಂದಳು ತಾರವ್ವ. ಹೆಂಗಸರು ನಕ್ಕಾಗ ಅವಳೇ ಸೇರಿಸಿದಳು: ‘ಅರ್ಧಾ ಸುಳ್ಳ ಬಿಡ್ರೆ. ಹಾಡೂದು ಖರೆ, ತಿರಗೂದು ಸುಳ್ಳ.’

ಮೊಮ್ಮಗಳು ಅಂಜನಾಳ ಮದುವೆಗೆ ಅರಿಶಿನ ಬೀಸುವ ಶಾಸ್ತ್ರ. ಗಂಡ ಸತ್ತವಳೆಂದು ತಾರವ್ವ ಕಲ್ಲು ಮುಟ್ಟುವಂತಿರಲಿಲ್ಲ. ಕಂಬಕ್ಕೊರಗಿ ಹಾಡಿದರೆ ಯಾರ ಅಡ್ಡಿಯೂ ಇರಲಿಲ್ಲ. ಗೂಟ ಹಿಡಿದು ಕೂತಿದ್ದವರು ಪಕ್ಕದ ಮನೆಯ ಶೇವಂತಿ ಮತ್ತು ಮೊಮ್ಮಗ ಅಮೋಲನ ಹೆಂಡತಿ ಸಂಧ್ಯಾ.

ತಾರವ್ವ ಬೆಳಗಿನ ಮಾತನ್ನು ಇನ್ನೂ ಮರೆತಿರಲಿಲ್ಲ. ಸಕ್ಕರೆ ಕಾರ್ಖಾನೆಗೆ ಹೊರಟ ಅಮೋಲ ಬಾಗಿಲಲ್ಲಿ ನಿಂತು ಹೇಳಿದ್ದ: ‘ಲಗ್ನ ಮುಗೀಲಿ ಆಯಿ, ಸಂಧ್ಯಾನ್ನ ಸಾವಳಗಿಗೆ ಅವರಪ್ಪನ ಮನಿಗೆ ಬಿಟ್ಟ ಬರತೇನಿ. ಆಕಿಗೆ ನಾ ಬ್ಯಾಡ. ಕಬ್ಬಿನ ಕಾಕಂಬಿ ನಾರತೇನಂತ ಕಾಣತೈತಿ, ಬಾಜೂಕ ಮಲಗಿದ್ರ ಗ್ವಾಡಿ ಕಡೆ ಮಾರಿ ತಿರುವತಾಳ.’

‘ಆಕಿನ್ನ ಕೇಳಿಯೇನ್ಲೇ?’

‘ಬಾಯಿ ಬಿಟ್ರ ಅಲ್ಲೇನ ಕೇಳೂದು?’

ಈಗ ಪಾಳಿ ಮುಗಿಸಿದ ಅಮೋಲ ತೆಂಗಿನಕಾಯಿ ಚೀಲ ಹೊತ್ತು ಅಂಗಳಕ್ಕೆ ಬರುವುದು ತಾರವ್ವನಿಗೆ ಕಂಡಿತು. ಬಾಗಿಲಿಗೆ ಬೆನ್ನು ಮಾಡಿದ್ದ ಸಂಧ್ಯಾಳಿಗೆ ಕಾಣಲಿಲ್ಲ. ಮುದುಕಿ ಗಂಟಲು ಸರಿಮಾಡಿಕೊಂಡು ಹೊಸ ಪದ ಎತ್ತಿದಳು:

ಕಾರ್ಖಾನಿ ಸರದಾರ ಕಾಕಂಬಿ ನಾರತಾನ
ಬಾಜೂಕ ಹೆಂಗ ಮಲಗೀದಿ – ನನ ಮಗಳ
ಗ್ವಾಡೀಗೆ ಮಾರಿ ತಿರುವೀದಿ

‘ಗೂಟ ಹಿಡದಾಕಿ ತಿರುಗಿ ಹಾಡಬೇಕಬೇ, ಸಂಧ್ಯಾ!’

‘ನನಗ ಬರೂದಿಲ್ಲರೀ ಆಯಿ.’

‘ಮದುವಿ ಅರಿಶಿಣ, ಪದ ಅರ್ಧಕ್ಕ ನಿಲ್ಲಬಾರದು. ಹಾಡಿನ್ಯಾಗ ಏನಂದ್ರೂ ಯಾರೂ ಬೈಯೂದಿಲ್ಲ. ಹೂಂ ಅನ್ನು.’

ಸೆರಗನ್ನು ಇನ್ನಷ್ಟು ಮುಂದಕ್ಕೆಳೆದು, ಯಾರ ಮುಖವನ್ನೂ ನೋಡದೆ, ಸಂಧ್ಯಾ ಸಣ್ಣ ದನಿ ತೆಗೆದಳು:

ನಾತಲ್ಲ ಹಡದವ್ವ, ಸಕ್ಕರಿ ಘಮಲೈತಿ
ಇರುವ್ಯಾಗಿ ಜೀವ ಹರದೈತಿ – ಆ ಮೈಗೆ
ನಾಚೀಕಿ ಗ್ವಾಡಿ ಅಡ್ಡೈತಿ

ಶೇವಂತಿ ‘ಅಯ್ಯಯ್ಯ!’ ಎಂದು ಗೂಟ ಬಿಟ್ಟೇಬಿಟ್ಟಳು. ಹಿಂದೆ ಬಾಗಿಲಲ್ಲಿ ಧಡಧಡ ಸದ್ದು. ಅಮೋಲನ ಕೈಯಿಂದ ಚೀಲ ಜಾರಿ, ಕಾಯಿಗಳು ಪಡಸಾಲೆ ತುಂಬ ಉರುಳಾಡಿದವು. ಸಂಧ್ಯಾ ತಿರುಗಿ ನೋಡಿದಳು. ಆ ಮುಖ ಆಗ ಅರಿಶಿನಕ್ಕಿಂತ ಕುಂಕುಮಕ್ಕೆ ಹತ್ತಿರವಿತ್ತು.

‘ಅಮೋಲಾ, ಸಾವಳಗಿ ಬಸ್ಸ ಎಷ್ಟಕ್ಕೈತೋ?’ ತಾರವ್ವ ಏನೂ ಅರಿಯದವಳಂತೆ ಕೇಳಿದಳು.

‘ಬಸ್ಸಿಲ್ಲ ಆಯಿ.’ ಮದುವೆಯಾದ ಆರು ತಿಂಗಳಿಂದ ಹಿಡಿದಿಟ್ಟ ಉಸಿರನ್ನೆಲ್ಲ ಅವನು ಒಮ್ಮೆಲೇ ಬಿಟ್ಟಂತಿತ್ತು. ‘ಆ ಕಡೆ ಯಾವ ಬಸ್ಸೂ ಹೋಗೂದಿಲ್ಲ.’

ದಿನಾ ಕಾರ್ಖಾನೆಯಿಂದ ಬಂದವನೇ ಮೈ ತೊಳೆಯಲು ಬಚ್ಚಲಿಗೆ ಓಡುತ್ತಿದ್ದವನು ಇಂದು ಹಾಗೇ ಕೋಣೆಗೆ ನಡೆದ. ‘ಚಹಾ ಕೊಟ್ಟ ಬರತೇನ್ರೀ,’ ಎಂದು ಸಂಧ್ಯಾ ಎದ್ದಳು. ತಾರವ್ವ ಕಾಲು ಚಾಚಿ, ಕಂಬಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ಬಹಳ ಹೊತ್ತಾದ ಮೇಲೆ ಅಂಜನಾ ಅವಳ ಭುಜ ಅಲುಗಿಸಿದಳು. ‘ಆಯಿ, ಅರಿಶಿಣ ಇನ್ನೂ ಅರ್ಧಾ ಉಳದೈತಿ. ಚಹಾ ಕೊಡಾಕ ಹೋದ ವೈನಿ ಬರವಲ್ಲಳು. ಏನ ಮಾಡಾಕತ್ತಾಳ?’

ತಾರವ್ವ ಒಂದೇ ಕಣ್ಣು ತೆರೆದಳು.

‘ನಾಡಿದ್ದ ಮದುಮಗಳಾಗಾಕಿ ನೀನು. ನೀನಽ ಹೇಳು ನೋಡೂಣು.’